ತೂಕದ ಲೆಕ್ಕ, ರೂಪಾಯಿಯ ಲೆಕ್ಕ: ಕುಟುಂಬದ ಆಭರಣ ತಯಾರಿಕೆ ಉದ್ಯಮ ಬೆಳೆಯುವ ಬಗೆ

ಚಿನ್ನಕ್ಕೂ ನಮ್ಮ ಭಾಗಕ್ಕೂ ಇರುವ ನಂಟು ಬಹು ಹಳೆಯದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಕಾಲದಲ್ಲಿಯೇ ಚಿನ್ನದ ಅದಿರನ್ನು ಅಗೆದ ಕುರುಹುಗಳಿವೆ. ಅಶೋಕನ ಹೆಸರನ್ನು ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಸಿ. ಬೀಡನ್ ಕೂಡ ಚಿನ್ನದ ಗಣಿಯ ಇಂಜಿನಿಯರೇ ಆಗಿದ್ದರು. ಆದರೆ ಗಣಿಯ ನೆಲವಾದ ಮಾತ್ರಕ್ಕೆ ಇದು ಆಭರಣ ತಯಾರಿಕೆಯ ನೆಲವಾಗಲಿಲ್ಲ. ಇಂದು ಪೇಟೆಯ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಕಾಣುವ ಸಿದ್ಧ ಆಭರಣಗಳು ಹೆಚ್ಚಾಗಿ ಮುಂಬೈ, ಕೊಯಮತ್ತೂರು, ತ್ರಿಶೂರಿನಂತಹ ತಯಾರಿಕಾ ಕೇಂದ್ರಗಳಲ್ಲಿ ರೂಪುಗೊಂಡವು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಪೇಟೆಗಳಲ್ಲಿಯೂ ಮುಕ್ಕುಂದದಂತಹ ಹಳ್ಳಿಗಳಲ್ಲಿಯೂ ಪತ್ತಾರ ಮನೆತನಗಳ ಕಸುಬು ತಲೆಮಾರುಗಳಿಂದ ಬಂದುದು. ಬೋರಮಾಳ, ಗುಂಡಿನ ಸರ, ಪಾಟ್ಲಿ, ಬಿಲ್ವಾರಗಳನ್ನು ಮಾಡುವ ಕೈಚಳಕಕ್ಕೆ ಕೊರತೆಯಿಲ್ಲ. ಹಾಗಿದ್ದೂ ಎರಡು ಮೂರು ಜನ ಕೂರುವ ಕೋಣೆಯಿಂದ ಇಪ್ಪತ್ತು ಜನರ ಕಾರ್ಯಾಗಾರದವರೆಗೆ ಏರಿದ ಕುಟುಂಬಗಳು ವಿರಳ. ಇದಕ್ಕೆ ಬಂಡವಾಳದ ಕೊರತೆಯೊಂದೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಲೆಕ್ಕಪರಿಶೋಧನೆಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ಕಾರಣವೂ ಎದ್ದು ಕಾಣುತ್ತದೆ. ಚಿನ್ನದ ವ್ಯವಹಾರವನ್ನು ನಾವು ರೂಪಾಯಿಯಲ್ಲಿ ಮಾತ್ರ ಬರೆದಿಡುತ್ತೇವೆ, ತೂಕದಲ್ಲಿ ಬರೆದಿಡುವುದಿಲ್ಲ. ಈ ಒಂದು ಲೋಪದಿಂದ ಉದ್ಯಮ ಬೆಳೆಯುತ್ತಿದೆಯೇ, ಕುಗ್ಗುತ್ತಿದೆಯೇ ಎಂಬುದೇ ಮಾಲೀಕನಿಗೆ ತಿಳಿಯದೆ ಹೋಗುತ್ತದೆ. ಈ ವಿಷಯವನ್ನು ಉದಾಹರಣೆಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವಹಿವಾಟು ಏರಿದರೆ ಬೆಳವಣಿಗೆಯೇ?

ಲೆಕ್ಕದ ಸುಲಭಕ್ಕಾಗಿ ಒಂದು ಕಾಲ್ಪನಿಕ ಕುಟುಂಬವನ್ನು ತೆಗೆದುಕೊಳ್ಳೋಣ. ಚಿನ್ನದ ಬೆಲೆ ಗ್ರಾಂಗೆ ರೂ. 5,000 ಇದ್ದ ವರ್ಷ ಅವರು 3,000 ಗ್ರಾಂ ಆಭರಣ ಮಾಡಿ ಮಾರಿದರು. ಚಿನ್ನದ ಬಾಬ್ತು ವಹಿವಾಟು ರೂ. 1.50 ಕೋಟಿ. ಗ್ರಾಂಗೆ ರೂ. 300ರಂತೆ ಮಜೂರಿ ರೂ. 9 ಲಕ್ಷ. ಕೆಲ ವರ್ಷಗಳ ನಂತರ ಬೆಲೆ ಗ್ರಾಂಗೆ ರೂ. 10,000 ಆಯಿತು. ಆ ವರ್ಷ ಮಾರಿದ್ದು 2,000 ಗ್ರಾಂ. ವಹಿವಾಟು ರೂ. 2 ಕೋಟಿ. ಮಜೂರಿಯನ್ನು ಗ್ರಾಂಗೆ ರೂ. 400ಕ್ಕೆ ಏರಿಸಿದ್ದರೂ ಒಟ್ಟು ಮಜೂರಿ ರೂ. 8 ಲಕ್ಷ.

ರೂಪಾಯಿಯ ಪುಸ್ತಕದ ಪ್ರಕಾರ ವಹಿವಾಟು ಮೂರನೇ ಒಂದು ಭಾಗದಷ್ಟು ಏರಿದೆ. ತೂಕದ ಪ್ರಕಾರ ಕೆಲಸ ಮೂರನೇ ಒಂದು ಭಾಗದಷ್ಟು ಇಳಿದಿದೆ. ಕೈಗೆ ಬಂದ ಮಜೂರಿ ರೂ. 1 ಲಕ್ಷ ಕಡಿಮೆಯಾಗಿದೆ. ಈ ಮಧ್ಯೆ ಬಾಡಿಗೆ, ಕೂಲಿ, ವಿದ್ಯುತ್ ಎಲ್ಲವೂ ಏರಿವೆ. ಈ ಮನೆಯವರು ಮಾರಾಟದ ಮೊತ್ತವನ್ನು ನೋಡಿ ಎರಡನೇ ಅಂಗಡಿ ತೆರೆಯಲು ಹೊರಟರೆ ಕುಗ್ಗುತ್ತಿರುವ ಉದ್ಯಮದ ಮೇಲೆ ಹೊಸ ಭಾರ ಹೇರಿದಂತಾಗುತ್ತದೆ.

ಬೆಲೆ ಏರಿಕೆ ತರುವ ಇನ್ನೊಂದು ತೊಡಕನ್ನೂ ಗಮನಿಸತಕ್ಕದ್ದು. ಕಾನೂನಿನ ಮಿತಿಗಳು ರೂಪಾಯಿಯಲ್ಲಿವೆ, ತೂಕದಲ್ಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 2019ರ ಏಪ್ರಿಲ್‌ನಿಂದ ವಾರ್ಷಿಕ ರೂ. 40 ಲಕ್ಷ. ಗ್ರಾಂಗೆ ರೂ. 5,000 ಇದ್ದಾಗ 800 ಗ್ರಾಂ ಮಾರಿದರೆ ಆ ಮಿತಿ ತಲುಪುತ್ತಿತ್ತು. ರೂ. 10,000 ಆದಾಗ 400 ಗ್ರಾಂ ಸಾಕು. ಅಂದರೆ ದುಡಿಮೆ ಅರ್ಧಕ್ಕಿಳಿದರೂ ಕಾನೂನಿನ ಕಣ್ಣಿಗೆ ವ್ಯಾಪಾರ ಅಷ್ಟೇ ದೊಡ್ಡದು. ಚಿಕ್ಕ ಪತ್ತಾರ ಅಂಗಡಿಗಳು ತಾವು ಬೆಳೆಯದೆಯೇ ನೋಂದಣಿಯ ವ್ಯಾಪ್ತಿಗೆ ಬರುತ್ತಿರುವುದಕ್ಕೆ ಇದೇ ಕಾರಣ.

2. ಬೆಂಗಳೂರಿನ ಒಂದು ನಿದರ್ಶನ

ಕುಟುಂಬದ ಆಭರಣ ಉದ್ಯಮ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿಯೇ ರಾಜೇಶ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಉದಾಹರಣೆಯಿದೆ. ಬೆಂಗಳೂರಿನಲ್ಲಿ ನೆಲೆಸಿದ ಗುಜರಾತಿ ಮೂಲದ ಕುಟುಂಬದ ಸಹೋದರರಾದ ರಾಜೇಶ್ ಮೆಹ್ತಾ ಮತ್ತು ಪ್ರಶಾಂತ್ ಮೆಹ್ತಾ ಮೊದಲು ಬೆಳ್ಳಿಯ ವ್ಯಾಪಾರ ಮಾಡುತ್ತಿದ್ದರು. 1989ರಲ್ಲಿ ಮನೆಯ ಗ್ಯಾರೇಜಿನಲ್ಲಿ ಚಿನ್ನಾಭರಣ ತಯಾರಿಕೆಗೆ ತೊಡಗಿದರು. 1995ರಲ್ಲಿ ಕಂಪನಿ ಸಾರ್ವಜನಿಕರಿಗೆ ಷೇರು ನೀಡಿತು. ವೈಟ್‌ಫೀಲ್ಡ್‌ನಲ್ಲಿ ದೊಡ್ಡ ತಯಾರಿಕಾ ಘಟಕ ಬಂದಿತು. 2015ರಲ್ಲಿ ಸ್ವಿಟ್ಜರ್‌ಲೆಂಡಿನ ವಾಲ್ಕಾಂಬಿ ಎಂಬ ಹೆಸರಾಂತ ಚಿನ್ನ ಶುದ್ಧೀಕರಣ ಸಂಸ್ಥೆಯನ್ನು 40 ಕೋಟಿ ಅಮೆರಿಕನ್ ಡಾಲರ್‌ಗೆ ಖರೀದಿಸಲಾಯಿತು. ಗ್ಯಾರೇಜಿನಿಂದ ಅಲ್ಲಿಗೆ ತಲುಪಲು ಹಿಡಿದದ್ದು 26 ವರ್ಷ.

ಈ ಏರಿಕೆಯಿಂದ ಕಲಿಯಬೇಕಾದುದು ಧೈರ್ಯವೊಂದನ್ನೇ ಅಲ್ಲ. ಅದೇ ಸಂಸ್ಥೆಯ ಲೆಕ್ಕಪತ್ರವನ್ನೂ ಓದಬೇಕು. 2022-23ರಲ್ಲಿ ಅದರ ಒಟ್ಟು ವಹಿವಾಟು ಸುಮಾರು ರೂ. 3.39 ಲಕ್ಷ ಕೋಟಿ, ನಿವ್ವಳ ಲಾಭ ಸುಮಾರು ರೂ. 1,430 ಕೋಟಿ. ಅಂದರೆ ನೂರು ರೂಪಾಯಿ ವಹಿವಾಟಿಗೆ 42 ಪೈಸೆ ಲಾಭ. ಮರುವರ್ಷ 2023-24ರಲ್ಲಿ ವಹಿವಾಟು ಸುಮಾರು ರೂ. 2.80 ಲಕ್ಷ ಕೋಟಿಗೆ, ಲಾಭ ಸುಮಾರು ರೂ. 335 ಕೋಟಿಗೆ ಇಳಿಯಿತು. ವಹಿವಾಟು ಆರನೇ ಒಂದು ಭಾಗದಷ್ಟು ಇಳಿದರೆ ಲಾಭ ನಾಲ್ಕನೇ ಒಂದು ಭಾಗಕ್ಕಿಂತ ಕೆಳಗೆ ಬಂದಿತು. ನೂರು ರೂಪಾಯಿಗೆ 12 ಪೈಸೆ.

ಗಟ್ಟಿ ಚಿನ್ನದ ಶುದ್ಧೀಕರಣ ಮತ್ತು ಮಾರಾಟದಲ್ಲಿ ಲಾಭದ ಅಂಚು ತೆಳುವಾಗಿಯೇ ಇರುತ್ತದೆ. ಅದು ಆ ವ್ಯವಹಾರದ ಸ್ವಭಾವ. ಆದರೆ ವಹಿವಾಟಿನ ಬಹುಪಾಲು ಚಿನ್ನದ ಬೆಲೆಯೇ ಆಗಿದ್ದಾಗ ಆ ಮೊತ್ತ ಉದ್ಯಮದ ಬಲವನ್ನು ತೋರಿಸುವುದಿಲ್ಲ ಎಂಬ ಪಾಠ ಕೋಟಿಗಳ ಕಂಪನಿಗೆ ಎಷ್ಟು ಅನ್ವಯವೋ ಮಸ್ಕಿಯ ಒಂದು ಅಂಗಡಿಗೂ ಅಷ್ಟೇ ಅನ್ವಯ. ಉದ್ಯಮದ ನಿಜವಾದ ಗಳಿಕೆ ಮಜೂರಿ. ಉದ್ಯಮದ ನಿಜವಾದ ಬಂಡವಾಳ ಸ್ವಂತ ಚಿನ್ನದ ತೂಕ.

3. ಲಾಭ ಬಂದರೂ ಚಿನ್ನ ಕರಗುವ ಬಗೆ

ಒಂದು ಮನೆತನದ ಬಳಿ 1,000 ಗ್ರಾಂ ಸ್ವಂತ ಚಿನ್ನವಿದೆ ಎನ್ನೋಣ. ಖರೀದಿ ಬೆಲೆ ಗ್ರಾಂಗೆ ರೂ. 5,000. ಬೆಲೆ ರೂ. 10,000 ಆದಾಗ ಅದನ್ನು ಮಾರಿದರು. ಬಂದದ್ದು ರೂ. 1 ಕೋಟಿ. ಪುಸ್ತಕದಲ್ಲಿ ಲಾಭ ರೂ. 50 ಲಕ್ಷ. ಪಾಲುದಾರಿಕೆ ಸಂಸ್ಥೆಗೆ ಶೇ. 30ರ ದರದಲ್ಲಿ, ಸೆಸ್ ಬಿಟ್ಟು, ತೆರಿಗೆ ರೂ. 15 ಲಕ್ಷ. ಉಳಿದ ರೂ. 85 ಲಕ್ಷಕ್ಕೆ ಮರಳಿ ಕೊಳ್ಳಬಹುದಾದದ್ದು 850 ಗ್ರಾಂ. ಲಾಭ ಬಂದಿದೆ, ತೆರಿಗೆ ಕಟ್ಟಲಾಗಿದೆ, ಆದರೆ 150 ಗ್ರಾಂ ಚಿನ್ನ ಮನೆಯಿಂದ ಹೋಗಿದೆ. ಆ ಲಾಭವನ್ನು ನಂಬಿ ಮನೆ ಕಟ್ಟಿಸಲು ರೂ. 20 ಲಕ್ಷ ತೆಗೆದಿದ್ದರೆ ಉಳಿಯುವುದು 650 ಗ್ರಾಂ ಮಾತ್ರ.

ಕೊನೆಯಲ್ಲಿ ಕೊಂಡ ಸರಕನ್ನೇ ಮೊದಲು ಮಾರಿದಂತೆ ಲೆಕ್ಕ ಹಿಡಿಯುವ ಪದ್ಧತಿ ಇಂತಹ ಸಂದರ್ಭದಲ್ಲಿ ಅನುಕೂಲವೆಂದು ಹಿಂದೆ ಕೆಲವರು ಅನುಸರಿಸುತ್ತಿದ್ದರು. ಆದಾಯ ತೆರಿಗೆಯ ಲೆಕ್ಕ ನಿರೂಪಣಾ ಮಾನದಂಡಗಳು ಬಂದ ನಂತರ ಅದಕ್ಕೆ ಅವಕಾಶವಿಲ್ಲ. ಮೊದಲು ಕೊಂಡದ್ದು ಮೊದಲು ಹೋಯಿತು ಎಂಬ ಪದ್ಧತಿ ಅಥವಾ ಸರಾಸರಿ ಬೆಲೆಯ ಪದ್ಧತಿಯನ್ನೇ ಅನುಸರಿಸಬೇಕು. ಆದುದರಿಂದ ಪರಿಹಾರವನ್ನು ಶಿಸ್ತಿನಲ್ಲಿ ಹುಡುಕಬೇಕಾಗುತ್ತದೆ. ಮೊದಲನೆಯದಾಗಿ, ಮಾರಿದ ದಿನವೇ ಅಷ್ಟು ತೂಕದ ಚಿನ್ನವನ್ನು ಮರಳಿ ಕೊಳ್ಳಬೇಕು. ಎರಡನೆಯದಾಗಿ, ವರ್ಷದ ಲಾಭವನ್ನು ಮಜೂರಿಯಿಂದ ಬಂದದ್ದು, ಬೆಲೆ ಏರಿಕೆಯಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಬೇಕು. ಬೆಲೆ ಏರಿಕೆಯ ಲಾಭವನ್ನು ತೆರಿಗೆಗೂ ದಾಸ್ತಾನಿಗೂ ಮೀಸಲಿಟ್ಟು, ಮನೆಖರ್ಚಿಗೆ ಮಜೂರಿಯ ಲಾಭದಿಂದ ಮಾತ್ರ ತೆಗೆಯಬೇಕು.

ಬೆಲೆ ಸದಾ ಏರುತ್ತಲೇ ಇರುವುದೂ ಇಲ್ಲ. 2024ರ ಜುಲೈ ತಿಂಗಳ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ ಶೇ. 15ರಿಂದ ಶೇ. 6ಕ್ಕೆ ಇಳಿಯಿತು. ಸುಂಕ ಸೇರಿ ರೂ. 115 ಬೀಳುತ್ತಿದ್ದ ಚಿನ್ನ ರೂ. 106ಕ್ಕೆ ದೊರೆಯುವಂತಾಯಿತು. ಗ್ರಾಹಕರಿಗೆ ಇದು ಸಂತಸದ ಸುದ್ದಿ. ಬ್ಯಾಂಕಿನಿಂದ ರೂಪಾಯಿ ಸಾಲ ತಂದು ದಾಸ್ತಾನು ತುಂಬಿಸಿಟ್ಟಿದ್ದವರಿಗೆ ಸಾಲ ಹಾಗೆಯೇ ಉಳಿದು, ಸರಕಿನ ಬೆಲೆ ಕುಸಿದ ದಿನ ಅದು.

4. ಕಾರ್ಯಾಗಾರದ ತೂಕದ ಖಾತೆ

ಪ್ರತಿಯೊಬ್ಬ ಕೆಲಸಗಾರನ ಹೆಸರಿನಲ್ಲಿ ಒಂದು ತೂಕದ ಖಾತೆ ಇರಬೇಕು. ಅದು ಅಪ್ಪಟ ಚಿನ್ನದ ತೂಕದಲ್ಲಿರಬೇಕು. 22 ಕ್ಯಾರಟ್ ಎಂದರೆ ಸಾವಿರಕ್ಕೆ 916 ಭಾಗ ಅಪ್ಪಟ ಚಿನ್ನ. 100 ಗ್ರಾಂ ಅಪ್ಪಟ ಚಿನ್ನಕ್ಕೆ ತಾಮ್ರ, ಬೆಳ್ಳಿ ಬೆರೆಸಿದರೆ 109.17 ಗ್ರಾಂ 22 ಕ್ಯಾರಟ್ ಚಿನ್ನವಾಗುತ್ತದೆ. ಕೆಲಸಗಾರ ಹಿಂದಿರುಗಿಸಿದ್ದು 105 ಗ್ರಾಂ ಆಭರಣ, 3 ಗ್ರಾಂ ತುಂಡು ಚೂರು ಎನ್ನೋಣ. ಕಡಿಮೆ ಬಂದದ್ದು 1.17 ಗ್ರಾಂ, ಅಪ್ಪಟ ತೂಕದಲ್ಲಿ 1.07 ಗ್ರಾಂ. ಇದೇ ಸವಕಳಿ.

ನೂರಕ್ಕೆ ಒಂದು ಗ್ರಾಂ ಎಂದರೆ ಸಣ್ಣ ಮಾತೆನಿಸಬಹುದು. ವರ್ಷಕ್ಕೆ 3,000 ಗ್ರಾಂ ಕೆಲಸ ನಡೆದರೆ ಅದು 30 ಗ್ರಾಂ ಸಮೀಪಿಸುತ್ತದೆ. ಗ್ರಾಂಗೆ ರೂ. 10,000ರಂತೆ ರೂ. 3 ಲಕ್ಷ. ಗ್ರಾಂಗೆ ರೂ. 400ರಂತೆ ಅಷ್ಟು ಕೆಲಸಕ್ಕೆ ಬರುವ ಮಜೂರಿ ರೂ. 12 ಲಕ್ಷ. ಗಳಿಕೆಯ ಕಾಲು ಭಾಗ ಸವಕಳಿಯಲ್ಲಿಯೇ ಹೋಯಿತು. ಅರದ ಪುಡಿ, ಪಾಲಿಶ್ ನೀರು, ಕುಲುಮೆಯ ಬೂದಿ, ನೆಲದ ಕಸ, ಇವುಗಳಲ್ಲಿ ಸೇರಿಕೊಂಡ ಚಿನ್ನದ ಒಂದು ಪಾಲನ್ನು ಮರಳಿ ಪಡೆಯಬಹುದು. ಕಾರ್ಯಾಗಾರದ ಕಸವನ್ನು ವರ್ಷಕ್ಕೊಮ್ಮೆ ಉಂಡೆಯಾಗಿ ಮಾರಿ ಕೈತೊಳೆದುಕೊಳ್ಳುವುದಕ್ಕಿಂತ, ತೊಳೆಸಿ ಬಂದ ಚಿನ್ನವನ್ನು ತೂಗಿ ಖಾತೆಗೆ ಜಮಾ ಮಾಡುವುದು ಲೇಸು. ಬೆಸುಗೆಯ ತೂಕವನ್ನೂ ಹೀಗೆಯೇ ಬೇರೆಯಾಗಿ ಬರೆಯಬೇಕು.

ಈ ಖಾತೆಯಿಂದ ಇನ್ನೊಂದು ಪ್ರಯೋಜನವಿದೆ. ಇಬ್ಬರು ಮೂವರಿರುವ ಕೋಣೆಯಲ್ಲಿ ಯಜಮಾನನ ಕಣ್ಣೇ ಕಾವಲು. ಹತ್ತು ಜನರಾದಾಗ ಕಣ್ಣು ಸಾಲದು. ಖಾತೆಯಿಲ್ಲದೆ ಜನ ಹೆಚ್ಚಾದರೆ ಅನುಮಾನವೂ ಹೆಚ್ಚುತ್ತದೆ. ಒಳ್ಳೆಯ ಕೆಲಸಗಾರರು ಅನುಮಾನಿಸುವ ಯಜಮಾನನ ಬಳಿ ಬಹುಕಾಲ ನಿಲ್ಲುವುದಿಲ್ಲ.

5. ತಿಜೋರಿಯಲ್ಲಿರುವುದು ಯಾರ ಚಿನ್ನ?

ಅಂಗಡಿಯಲ್ಲಿರುವ ಚಿನ್ನವೆಲ್ಲ ಅಂಗಡಿಯದಲ್ಲ. ಅದನ್ನು ಮೂರು ಬಗೆಯಾಗಿ ವಿಂಗಡಿಸಬೇಕು.

ಮೊದಲನೆಯದು ಸ್ವಂತ ಚಿನ್ನ. ಇದರ ತೂಕ ವರ್ಷದಿಂದ ವರ್ಷಕ್ಕೆ ಏರಿದರೆ ಮಾತ್ರ ಬಂಡವಾಳ ಬೆಳೆದಂತೆ.

ಎರಡನೆಯದು ಇತರರು ಕೆಲಸಕ್ಕೆ ಕೊಟ್ಟ ಚಿನ್ನ. ಸಗಟು ವ್ಯಾಪಾರಿ ಕೊಟ್ಟ ಗಟ್ಟಿಯಿಂದ ಆಭರಣ ಮಾಡಿಕೊಟ್ಟರೆ ನಮ್ಮ ವಹಿವಾಟು ಮಜೂರಿ ಮಾತ್ರ. ಜಿಎಸ್‌ಟಿಯಲ್ಲಿ ಆಭರಣದ ಮಾರಾಟಕ್ಕೆ ಶೇ. 3, ನೋಂದಾಯಿತ ಜಾಬ್‌ವರ್ಕ್ ಮಜೂರಿಗೆ ಶೇ. 5 ತೆರಿಗೆ. ಕೆಲಸಕ್ಕೆ ಕಳುಹಿಸಿದ ಸರಕು ಒಂದು ವರ್ಷದೊಳಗೆ ಮಾಲೀಕನಿಗೆ ಹಿಂದಿರುಗಬೇಕು, ಇಲ್ಲವಾದರೆ ಅದನ್ನು ಮಾರಾಟವೆಂದೇ ಪರಿಗಣಿಸಲಾಗುತ್ತದೆ. ಈ ಬಗೆಯ ಕೆಲಸದಲ್ಲಿ ಬೆಲೆ ಏರಿಳಿತದ ಭಯವಿಲ್ಲ. ಕೈಯಲ್ಲಿ ಬಂಡವಾಳ ಕಡಿಮೆಯಿದ್ದು ಕೌಶಲ ಹೆಚ್ಚಿರುವ ಕುಟುಂಬಗಳಿಗೆ ಬೆಳೆಯಲು ಇದೇ ಮೊದಲ ಮೆಟ್ಟಿಲು.

ಮೂರನೆಯದು ಸಾಲದ ಚಿನ್ನ. ಆಭರಣ ತಯಾರಕರಿಗೆ ಬ್ಯಾಂಕುಗಳು ರೂಪಾಯಿಯ ಬದಲು ಚಿನ್ನವನ್ನೇ ಸಾಲವಾಗಿ ಕೊಡುವ ಗೋಲ್ಡ್ ಮೆಟಲ್ ಲೋನ್ ಎಂಬ ವ್ಯವಸ್ಥೆಯಿದೆ. 500 ಗ್ರಾಂ ತಂದರೆ ತೀರಿಸಬೇಕಾದದ್ದು ಬೆಲೆ ನಿಗದಿಯಾಗುವ ದಿನದ 500 ಗ್ರಾಂ ಚಿನ್ನದ ಮೌಲ್ಯ. ಆ ಚಿನ್ನ ದಾಸ್ತಾನಿನಲ್ಲಿ ಇರುವವರೆಗೆ ಬೆಲೆ ಏರಿದರೂ ಇಳಿದರೂ ಸಾಲ ಮತ್ತು ಸರಕು ಜೊತೆಯಾಗಿಯೇ ಸಾಗುತ್ತವೆ. ಆಭರಣವನ್ನು ಮಾರಿ, ಸಾಲದ ಬೆಲೆಯನ್ನು ನಿಗದಿಪಡಿಸದೆ, ಬಂದ ಹಣದಲ್ಲಿ ನಿವೇಶನ ಕೊಂಡರೆ ಮಾತ್ರ ಅಪಾಯ. ಆಗ ಬೆಲೆ ಏರಿದಷ್ಟೂ ಸಾಲ ಏರುತ್ತದೆ.

ಗ್ರಾಹಕರಿಂದ ತಿಂಗಳ ಕಂತು ಪಡೆಯುವ ಯೋಜನೆಗಳನ್ನೂ ಈ ಮೂರನೆಯ ಗುಂಪಿಗೇ ಸೇರಿಸಬೇಕು. ಅದು ಮಾರಾಟವಲ್ಲ, ಮುಂದೆ ಚಿನ್ನ ಕೊಡಬೇಕಾದ ಹೊಣೆ. ಕಂಪನಿಗಳು ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಸರಕಿಗೆ ಹೊಂದಿಸದಿದ್ದರೆ ಅದು ಠೇವಣಿಯಾಗುತ್ತದೆ. ಹನ್ನೊಂದು ತಿಂಗಳ ಯೋಜನೆಗಳು ಹುಟ್ಟಿಕೊಂಡದ್ದು ಇದರಿಂದಲೇ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆ ಕಂಪನಿಗಳಿಗೆ ಮಾತ್ರವಲ್ಲದೆ ಪಾಲುದಾರಿಕೆ ಮತ್ತು ಒಡೆತನದ ಅಂಗಡಿಗಳಿಗೂ ಅನ್ವಯಿಸುತ್ತದೆ. ಬಡ್ಡಿಯ ಆಸೆ ತೋರಿಸಿ ಹಣ ಸಂಗ್ರಹಿಸುವ ಗೋಜಿಗೆ ಯಾರೂ ಹೋಗಬಾರದು.

ನಮ್ಮ ಭಾಗದ ಬೇಡಿಕೆಯ ಸ್ವರೂಪವೂ ಇಲ್ಲಿ ಮುಖ್ಯ. ಸಿಂಧನೂರು ಸೀಮೆಯಲ್ಲಿ ಚಿನ್ನದ ವ್ಯಾಪಾರ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದೆ. ಭತ್ತ ಕೈಗೆ ಬಂದಾಗ ಕೊಳ್ಳುವ ಒಡವೆ ನಾಟಿಯ ಸಮಯಕ್ಕೆ ಗಿರವಿಗೆ ಹೋಗುವುದು ಅಪರೂಪವಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಅಚ್ಚುಕಟ್ಟು ಪ್ರದೇಶದ ರೈತರೊಡನೆ ವರ್ತಕರೂ ಚಿಂತೆಗೊಳಗಾದರು. ಒಂದು ಬೆಳೆ ತಪ್ಪಿದರೂ ಕಂತುದಾರರ ಚಿನ್ನವನ್ನು ಕೊಡುವಷ್ಟು ತೂಕ ತಿಜೋರಿಯಲ್ಲಿ ಇರಬೇಕು.

6. ಮನೆ ಬೇರೆ, ಅಂಗಡಿ ಬೇರೆ

ಮಗಳ ಮದುವೆಗೆ ಅಂಗಡಿಯಿಂದ 100 ಗ್ರಾಂ ತೆಗೆದರೆ ಅದು ಯಜಮಾನನ ಖಾತೆಗೆ ತೂಕದಲ್ಲಿಯೂ ಖರ್ಚು ಬೀಳಬೇಕು. ಮನೆಯ ಒಡವೆಯನ್ನು ಕರಗಿಸಿ ಅಂಗಡಿಗೆ ಹಾಕಿದರೆ ಹಾಗೆಯೇ ಜಮಾ ಆಗಬೇಕು. ಸ್ತ್ರೀಧನವನ್ನು ಅಂಗಡಿಯ ದಾಸ್ತಾನಿನಲ್ಲಿ ಬೆರೆಸಲೇಬಾರದು. ಅಂಗಡಿಯಲ್ಲಿ ದುಡಿಯುವ ಮಕ್ಕಳಿಗೆ ನಿಗದಿತ ಸಂಬಳವಿರಬೇಕು.

ಈ ಎಚ್ಚರ ಇಲ್ಲದಿದ್ದರೆ ತೊಂದರೆ ಕಾಣಿಸಿಕೊಳ್ಳುವುದು ಪಾಲಾಗುವ ದಿನ. ಇಬ್ಬರು ಅಣ್ಣತಮ್ಮಂದಿರ ಸಂಸ್ಥೆಯಲ್ಲಿ ಗ್ರಾಂಗೆ ರೂ. 5,000ಕ್ಕೆ ಕೊಂಡ 2,000 ಗ್ರಾಂ ಚಿನ್ನವಿದೆ. ಪುಸ್ತಕದಲ್ಲಿ ರೂ. 1 ಕೋಟಿ, ತಲಾ ರೂ. 50 ಲಕ್ಷ. ಬೆಲೆ ರೂ. 10,000 ಆದಾಗ ತಮ್ಮ ಬೇರೆಯಾಗಲು ಬಯಸುತ್ತಾನೆ. ಪುಸ್ತಕದಂತೆ ರೂ. 50 ಲಕ್ಷ ತೆಗೆದುಕೊ ಎನ್ನುತ್ತಾನೆ ಅಣ್ಣ. ನನ್ನದು 1,000 ಗ್ರಾಂ, ಅಂದರೆ ರೂ. 1 ಕೋಟಿ ಎನ್ನುತ್ತಾನೆ ತಮ್ಮ. ಇಬ್ಬರ ಮಾತಿನಲ್ಲೂ ಮೋಸವಿಲ್ಲ. ಒಪ್ಪಂದ ಪತ್ರದಲ್ಲಿ ಮೌಲ್ಯಮಾಪನದ ನಿಯಮ ಇಲ್ಲದಿರುವುದೇ ಜಗಳದ ಮೂಲ. ಸರಕನ್ನೇ ತೂಗಿ ಹಂಚಿದರೂ ತೆರಿಗೆ ತಪ್ಪುವುದಿಲ್ಲ. 2021ರ ಹಣಕಾಸು ಕಾಯ್ದೆಯ ತಿದ್ದುಪಡಿಯಂತೆ ಪಾಲುದಾರ ಹೊರಹೋಗುವಾಗ ಅವನಿಗೆ ಕೊಟ್ಟ ಸರಕನ್ನು ಮಾರುಕಟ್ಟೆ ಬೆಲೆಗೆ ಮಾರಿದಂತೆಯೇ ಭಾವಿಸಲಾಗುತ್ತದೆ.

ಆದುದರಿಂದ ಒಪ್ಪಂದ ಪತ್ರದಲ್ಲಿ ಕನಿಷ್ಠ ಈ ನಾಲ್ಕು ಅಂಶಗಳಿರಲಿ. ಹೊರಹೋಗುವವನ ಪಾಲನ್ನು ಯಾವ ದಿನದ ಬೆಲೆಯಲ್ಲಿ ಕಟ್ಟಬೇಕು. ಅದರಿಂದ ತೆರಿಗೆಯನ್ನು ಹೇಗೆ ಕಳೆಯಬೇಕು. ಎಷ್ಟು ವರ್ಷಗಳ ಕಂತಿನಲ್ಲಿ ಪಾವತಿಸಬೇಕು. ಅಂಗಡಿಯ ಹೆಸರನ್ನು ಯಾರು ಬಳಸಬಹುದು. 1932ರ ಪಾಲುದಾರಿಕೆ ಕಾಯ್ದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಪಾಲುದಾರನ ಮರಣದಿಂದ ಸಂಸ್ಥೆ ವಿಸರ್ಜನೆಗೊಳ್ಳುತ್ತದೆ. ಉದ್ಯಮ ಅವಿಭಕ್ತ ಕುಟುಂಬದ ಹೆಸರಿನಲ್ಲಿದ್ದರೆ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಾನ ಹಕ್ಕಿದೆ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಇರುತ್ತದೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿದ ಪಾಲು ಮುಂದೆ ನಿಲ್ಲುವುದಿಲ್ಲ.

ಪಾಲಾಗುವುದೆಂದರೆ ಹಾಳಾಗುವುದೆಂದೇನೂ ಅಲ್ಲ. ಉಡುಪಿ ಮೂಲದ ಭೀಮ ಭಟ್ಟರು 1925ರಲ್ಲಿ ಕೇರಳದ ಆಲಪ್ಪುಳದಲ್ಲಿ ಆರಂಭಿಸಿದ ಭೀಮ ಸಂಸ್ಥೆಯನ್ನು ನಂತರದ ತಲೆಮಾರುಗಳು ಬೇರೆ ಬೇರೆ ಸಂಸ್ಥೆಗಳಾಗಿ ನಡೆಸಿಕೊಂಡು ಬಂದಿವೆ. ಮಳಿಗೆಗಳು ಬೇರೆಯಾದರೂ ಹೆಸರು ಉಳಿದು, ಮನೆತನ ನೂರು ವರ್ಷ ದಾಟಿದೆ.

7. ಮುಚ್ಚಿಟ್ಟ ಲೆಕ್ಕದಿಂದ ಮುದ್ರೆಯ ಲೆಕ್ಕಕ್ಕೆ

ನಮ್ಮ ಹಿರಿಯರು ಪುಸ್ತಕ ಬರೆಯಲು ಹಿಂಜರಿದುದಕ್ಕೆ ಚಾರಿತ್ರಿಕ ಕಾರಣವಿದೆ. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರಟ್‌ಗಿಂತ ಹೆಚ್ಚು ಶುದ್ಧತೆಯ ಆಭರಣ ತಯಾರಿಕೆಯನ್ನು ನಿಷೇಧಿಸಿದಾಗ ದೇಶದಾದ್ಯಂತ ಅಕ್ಕಸಾಲಿಗರ ಕುಲುಮೆಗಳು ಆರಿದವು. ಆ ಮಿತಿ 1966ರಲ್ಲಿ ಸಡಿಲಗೊಂಡರೂ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂದಿತು. ಅದು ರದ್ದಾದದ್ದು 1990ರಲ್ಲಿ. ಒಂದು ತಲೆಮಾರು ಚಿನ್ನವನ್ನು ಬರೆದಿಡುವುದೇ ಅಪಾಯವೆಂದು ಭಾವಿಸಿ ಬೆಳೆಯಿತು.

ಈಗ ಪರಿಸ್ಥಿತಿ ತಿರುಗಿದೆ. 2021ರ ಜೂನ್‌ನಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ವಿಶಿಷ್ಟ ಗುರುತು ಇರಲೇಬೇಕು. ಮೊದಲು ಶುದ್ಧತೆಗೆ ಮನೆತನದ ಹೆಸರೇ ಆಧಾರವಾಗಿತ್ತು. ಅದು ತಮ್ಮೂರಿನ ಎಲ್ಲೆಯವರೆಗೆ ಮಾತ್ರ ನಡೆಯುತ್ತಿತ್ತು. ಮುದ್ರೆಯುಳ್ಳ ಬೋರಮಾಳವನ್ನು ಮುಕ್ಕುಂದದ ಪತ್ತಾರ ಮಾಡಿದರೂ ಹೈದರಾಬಾದಿನ ವ್ಯಾಪಾರಿ ನಂಬಿ ಕೊಳ್ಳಬಹುದು. ಚಿಕ್ಕ ತಯಾರಕನಿಗೆ ಇದು ಹೊರೆ ಎನ್ನುವುದಕ್ಕಿಂತ ದೂರದ ಪೇಟೆಯ ರಹದಾರಿ ಎನ್ನುವುದು ಸರಿ. ಜೊತೆಗೆ 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದೇ ದಿನ ರೂ. 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಬರೆಯದ ಲೆಕ್ಕದಲ್ಲಿ ಉದ್ಯಮ ಬೆಳೆಸುವ ಕಾಲ ಮುಗಿದಿದೆ.

8. ವಾಚಕರಿಗೆ ಸೂಚನೆ

ಬರುವ ದೀಪಾವಳಿಯಲ್ಲಿ ಹೊಸ ಪುಸ್ತಕ ಪೂಜಿಸುವಾಗ ಕಿರ್ದಿಯ ಪಕ್ಕದಲ್ಲಿ ತೂಕದ ಪುಸ್ತಕವೊಂದನ್ನೂ ಇಡಿರಿ. ಅದರ ಮೊದಲ ಪುಟದಲ್ಲಿ ನಾಲ್ಕು ಅಂಕಿಗಳನ್ನು ಬರೆಯಿರಿ: ಕೈಯಲ್ಲಿರುವ ಒಟ್ಟು ಅಪ್ಪಟ ಚಿನ್ನ, ಅದರಲ್ಲಿ ಕೆಲಸಕ್ಕೆ ಬಂದ ಇತರರ ಚಿನ್ನ, ಬ್ಯಾಂಕಿಗೂ ಕಂತುದಾರರಿಗೂ ಕೊಡಬೇಕಾದ ಚಿನ್ನ, ಇವೆರಡನ್ನೂ ಕಳೆದು ಉಳಿಯುವ ಸ್ವಂತ ಚಿನ್ನ. ಪ್ರತಿ ತಿಂಗಳ ಕೊನೆಯಲ್ಲಿ ಆ ತಿಂಗಳು ಮಾಡಿದ ಆಭರಣದ ತೂಕ, ಬಂದ ಮಜೂರಿ, ಆದ ಸವಕಳಿಯನ್ನು ಸೇರಿಸುತ್ತ ಹೋಗಿರಿ.

ಮೂರು ವರ್ಷ ಈ ಪುಸ್ತಕ ಬರೆದ ಮೇಲೆ ಎರಡನೇ ಕಾರ್ಯಾಗಾರದ ಯೋಚನೆ ಮಾಡಬಹುದು. ಸ್ವಂತ ಚಿನ್ನದ ತೂಕ ಏರಿದ್ದು, ಗ್ರಾಂ ಒಂದಕ್ಕೆ ಖರ್ಚು ಕಳೆದು ಉಳಿಯುವ ಮಜೂರಿ ಕುಗ್ಗದಿದ್ದರೆ ಮುಂದುವರಿಯಿರಿ. ತೂಕ ಇಳಿದಿದ್ದರೆ, ಮಾರಾಟದ ಮೊತ್ತ ಎಷ್ಟೇ ದೊಡ್ಡದಾಗಿ ಕಂಡರೂ, ಮೊದಲು ಸವಕಳಿ, ಮನೆಖರ್ಚು ಮತ್ತು ಸಾಲ ಈ ಮೂರರಲ್ಲಿ ಚಿನ್ನ ಎಲ್ಲಿ ಹೋಯಿತೆಂದು ಹುಡುಕಿರಿ. ಬ್ಯಾಂಕಿನ ಅಧಿಕಾರಿ ಕೇಳುವ ಲೆಕ್ಕವೂ, ಮುಂದೊಂದು ದಿನ ಮಕ್ಕಳು ಕೇಳುವ ಲೆಕ್ಕವೂ ಆ ಪುಸ್ತಕದಲ್ಲಿಯೇ ದೊರೆಯುತ್ತದೆ.